ಮನೋರೋಗಿಗಳನ್ನು ನೋಡಿಕೊಳ್ಳುವವರ ಧೃತಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯವನ್ನು ನೋಡಿದವರು ಅನೇಕರಿರಬಹುದು. ಅಲ್ಲಿನ ಕೋಡಿಯಮಠದ ವಿಷಯವಾದ 1162ನೆಯ ಇಸವಿಯ ಶಾಸನದ ಅಭಿಪ್ರಾಯವನ್ನು ಬಲ್ಲವರು ಕೆಲವರು ಮಾತ್ರ. ವ್ಯಾಕರಣ, ದರ್ಶನ, ಕಾವ್ಯಗಳ ಪಾಠಪ್ರವಚನಗಳು ನಡೆಯುತ್ತಿದ್ದ ಆ ಮಠದಲ್ಲಿಯೇ ಕುರುಡರು, ಕಿವುಡರು ಮೊದಲಾದವರಿಗೆ ಅನ್ನವೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುವೆಂದು ಅದರಿಂದ ತಿಳಿದುಬರುತ್ತದೆ. ಬಿಜ್ಜಳನು ಆ ಸ್ಥಾನಕ್ಕೆ ದತ್ತಿಯನ್ನು ಬಿಟ್ಟನು. ರೋಗಿಯನ್ನು ನೋಡಿಕೊಳ್ಳುವವನ ಹಿಂದೆ ಮಠವಿತ್ತು, ಮಠದ ಹಿಂದೆ ದತ್ತಿಯ ಉತ್ಪತ್ತಿಯಿತ್ತು. ಒಬ್ಬ ಮನುಷ್ಯನ ಕನಿಕರವನ್ನೇ ನಂಬಿ ಆ ಕಾರ್ಯವು ನಡೆಯುತ್ತಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈಗ ನಮ್ಮ ಶಿಕಾರಿಪುರ, ಸೊರಬದ ಸೀಮೆಯಲ್ಲಿ ಮನಸ್ಸು ಕೆಟ್ಟವರನ್ನು ಮೊದಲು ಗುರುತಿಸತಕ್ಕವರು ಯಾರು? ಮನೋವೈದ್ಯರು ಬಹುಮಟ್ಟಿಗೆ ದೊಡ್ಡ ಊರುಗಳಲ್ಲಿರುವರು. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಹುಟ್ಟಿತು. 2014ರಲ್ಲಿ ಕರ್ನಾಟಕ ಸರ್ಕಾರದವರು ಮನೋಚೈತನ್ಯವೆಂಬ ಹೆಸರಿನಿಂದ, ಮಂಗಳವಾರಗಳಲ್ಲಿ ತಜ್ಞರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡುವ ಏರ್ಪಾಡನ್ನು ಆರಂಭಿಸಿದರು. ಆದರೆ ತಜ್ಞರು ಬರುವುದು ಒಂದು ದಿನ. ಮಿಕ್ಕ ದಿನಗಳಲ್ಲಿ ಯಾರ ಮನೆಯಲ್ಲಿ ನಿದ್ರೆಯಿಲ್ಲ, ಯಾರು ಊಟ ಬಿಟ್ಟಿದ್ದಾರೆ ಎಂಬುದನ್ನು ತಿಳಿದಿರುವವಳು ಆಶಾ ಕಾರ್ಯಕರ್ತೆ. ಬಾಣಂತಿಯನ್ನೂ ಕೂಸನ್ನೂ ವಿಚಾರಿಸಿಕೊಳ್ಳತಕ್ಕವಳೂ ಅವಳೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಮಂಗನ ಕಾಯಿಲೆಯು ಮಲೆನಾಡಿನಲ್ಲಿ ತಲೆಯೆತ್ತಿದಾಗ, ಸೊಪ್ಪಿಗೆ ಹೋಗುವವರಿಗೆ ಉಣುಗಿನ ಭಯವನ್ನು ತಿಳಿಯಹೇಳುವುದೂ, 2020ರ ಕೊರೋನಾ ಕಾಲದಲ್ಲಿ ಬಾಗಿಲು ಬಾಗಿಲಿಗೆ ಹೋಗುವುದೂ ಅವಳ ಪಾಲಿಗೇ ಬಂದಿತು.

ಇಂಥವರು ಸೋಲದೆ ನಿಲ್ಲುವುದು ಹೇಗೆ ಎಂಬುದೇ ಇಲ್ಲಿ ವಿಚಾರ. ಮೂಳೆ ಮುರಿದವನು ಗುಣವಾದರೆ ನಡೆದು ತೋರಿಸುತ್ತಾನೆ. ಮನಸ್ಸು ಸರಿಹೋದವನೋ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ. ಅವನ ಮನೆಯವರು ಜನರ ಬಾಯಿಗೆ ಹೆದರಿ, ರೋಗವಿತ್ತೆಂಬುದನ್ನೇ ಮುಚ್ಚಿಡುತ್ತಾರೆ. ಗುಳಿಗೆ ಬಿಟ್ಟು ಮತ್ತೆ ಕೆಟ್ಟವನು ಮಾತ್ರ ಮರಳಿ ಬರುತ್ತಾನೆ. ಹೀಗೆ ವರ್ಷಗಟ್ಟಲೆ ಸೋಲುಗಳನ್ನೇ ಕಾಣುವವರಿಗೆ ತಮ್ಮ ಕೆಲಸವೆಲ್ಲ ನೀರಿನ ಮೇಲಿನ ಬರಹವೆಂದು ತೋರಿದರೆ ಆಶ್ಚರ್ಯವೇನು? ನಿನ್ನೆ ಮಾತನಾಡಿಸಿ ಬಂದವನು ಇಂದು ಪ್ರಾಣ ಕಳೆದುಕೊಂಡನೆಂಬ ಸುದ್ದಿ ಬಂದರಂತೂ, ಇನ್ನೊಂದು ಮಾತು ಕೇಳಿದ್ದರೆ ಉಳಿಯುತ್ತಿದ್ದನೇನೋ ಎಂಬ ಸಂಕಟವು ಬಹುಕಾಲ ಬಿಡುವುದಿಲ್ಲ.

ಚರಕಸಂಹಿತೆಯಲ್ಲಿ ವೈದ್ಯನ ವೃತ್ತಿಯು ನಾಲ್ಕು ಬಗೆಯೆಂದು ಹೇಳಿದೆ: ಮೈತ್ರಿ, ಆರ್ತರಲ್ಲಿ ಕರುಣೆ, ಸಾಧ್ಯನಾದ ರೋಗಿಯಲ್ಲಿ ಪ್ರೀತಿ, ಮರಣೋನ್ಮುಖನಾದವನಲ್ಲಿ ಉಪೇಕ್ಷೆ. ಉಪೇಕ್ಷೆಯೆಂದರೆ ನಮ್ಮ ಆಡುಮಾತಿನ ಅಲಕ್ಷ್ಯವಲ್ಲ. ತನ್ನ ಕೈಮೀರಿದ್ದನ್ನು ತನ್ನ ಅಪರಾಧವೆಂದು ಹೊರದಿರುವ ಸಮಚಿತ್ತವೆಂದು ನಾನು ಅರ್ಥಮಾಡುತ್ತೇನೆ. ಕರುಣೆಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕರುಣೆಯೊಂದನ್ನೇ ನೆಚ್ಚಿದವನು ಬೇಗ ಬತ್ತಿಹೋಗುತ್ತಾನೆಂದು ತಿಳಿದೇ ಆ ಋಷಿಯು ಮಿಕ್ಕ ಮೂರನ್ನು ಸೇರಿಸಿದನೆಂದು ತೋರುತ್ತದೆ.

ಈ ಸಾಧ್ಯಪ್ರೀತಿಗೆ ಉದಾಹರಣೆಯು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ ಮುಂತಾದ ಕಠಿಣ ಮನೋರೋಗವುಳ್ಳವರನ್ನು ಊರೂರಿನ ಆರೋಗ್ಯ ಕಾರ್ಯಕರ್ತರ ಸಹಾಯದಿಂದ ಗುರುತಿಸಿ, ಅವರಿದ್ದಲ್ಲಿಯೇ ಚಿಕಿತ್ಸೆ ಕೊಟ್ಟು, ವರ್ಷಾನುಗಟ್ಟಲೆ ವಿಚಾರಿಸಿಕೊಂಡರು. ಬಾರದೆ ಹೋದವರನ್ನು ಮನೆಗೆ ಹೋಗಿ ಕಂಡರು. ಹೀಗೆ ಬೆನ್ನುಹತ್ತಿ ನೋಡಿದವರ ಕಣ್ಣಿಗೆ ಮರಳಿ ಕೆಟ್ಟವನು ಮಾತ್ರವಲ್ಲ, ತೋಟದ ಕೆಲಸಕ್ಕೆ ಹೋಗುವಷ್ಟು ಚೇತರಿಸಿಕೊಂಡವನೂ ಬೀಳುತ್ತಾನೆ. ಇದಕ್ಕಿಂತ ಒಳ್ಳೆಯ ಔಷಧವು ಶುಶ್ರೂಷಕರಿಗೆ ಬೇರೆ ಇರಲಾರದು.

ಮತ್ತೊಂದು ಆಧಾರವು ಹಿರಿಯರೊಡನೆ ಸಮಾಲೋಚನೆ. ದೂರದ ತಾಲ್ಲೂಕಿನ ವೈದ್ಯರು ಬೆಂಗಳೂರಿನ ತಜ್ಞರೊಡನೆ ಯಂತ್ರದ ಪರದೆಯ ಮೂಲಕವೇ ಮುಖಾಮುಖಿ ಮಾತನಾಡಿ, ಬಿಡಿಸಲಾರದ ರೋಗಿಗಳ ವಿಷಯವನ್ನು ಚರ್ಚಿಸುವ ಅನುಕೂಲವು ಈಗ ಉಂಟು. ಇಂಥ ಚರ್ಚೆಯು ನ್ಯಾಯಾಲಯದ ವಿಚಾರಣೆಯಂತಾಗಬಾರದು. ಹಾಗಾದರೆ ಕಿರಿಯರು ಸೋಲನ್ನು ಮರೆಮಾಡುವುದನ್ನು ಕಲಿತಾರೇ ಹೊರತು ಬೇರೇನನ್ನೂ ಕಲಿಯರು.

ಧೃತಿಯೇನೋ ಸರಿ, ಹೊಟ್ಟೆ? ಆಶಾ ಕಾರ್ಯಕರ್ತೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯಲ್ಲಿ ರಾಜ್ಯದ ಕಾರ್ಯಕರ್ತೆಯರು ಬೆಂಗಳೂರಿನ ಚಳಿಯಲ್ಲಿ ಧರಣಿ ಕುಳಿತದ್ದು ಈ ವಿಷಯಕ್ಕಾಗಿಯೇ. ಅವಳಿಗೆ ತಾಳ್ಮೆಯನ್ನು ಬೋಧಿಸುವವರು ಬಳ್ಳಿಗಾವೆಯ ದತ್ತಿಯನ್ನು ಒಮ್ಮೆ ನೆನೆಯಬೇಕು.

ಗೃಹಸ್ಥರಿಂದಲೂ ಆಗತಕ್ಕದ್ದು ಸ್ವಲ್ಪವಿದೆ. ಶಿವಮೊಗ್ಗದಲ್ಲಿ ಮಾನಸ ಆಸ್ಪತ್ರೆಯನ್ನು ನಡೆಸಿ 2016ರಲ್ಲಿ ತೀರಿಕೊಂಡ ಡಾಕ್ಟರ್ ಅಶೋಕ ಪೈಯವರು, ಚಿಕಿತ್ಸೆಯ ಜೊತೆಗೆ ಕಥೆಗಳನ್ನೂ ಬರೆದು, ಮನೋರೋಗವು ನಾಚಿಕೆಯ ಸಂಗತಿಯಲ್ಲವೆಂಬುದನ್ನು ಕನ್ನಡದಲ್ಲಿಯೇ ತಿಳಿಸಲು ಶ್ರಮಿಸಿದರು. ಮನೆಯಲ್ಲಿ ಯಾರಿಗಾದರೂ ಗುಣವಾಗಿದ್ದರೆ, ನೋಡಿಕೊಂಡವಳನ್ನು ಕರೆದು ಆ ಮಾತನ್ನು ಬಾಯಿಬಿಟ್ಟು ಹೇಳಬಹುದು. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸದಿರಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ರೋಗಿಯೂ ಅವನ ಮನೆಯವರೂ ಮಾತ್ರವಲ್ಲ, ದಿನವೆಲ್ಲ ಪರರ ದುಃಖವನ್ನು ಕೇಳಿ ಬಂದ ಆಶಾ ಕಾರ್ಯಕರ್ತೆಯೂ ರಾತ್ರಿ ಅದೇ ಸಂಖ್ಯೆಗೆ ತನ್ನದನ್ನು ಹೇಳಿಕೊಳ್ಳಬಹುದಾಗಿದೆ.