ಹಳೇ ಬೆಂಜ್ ಕಾರಿನ ಸ್ಟೇರಿಂಗ್ ಬಾಕ್ಸ್ ಸೋರ್ತಿದೆಯಾ? ಸ್ಕ್ರೂ ಬಿಗಿ ಮಾಡಿಸೋ ಮುನ್ನ ಇದನ್ನು ಓದಿ

ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲೆಂದೋ, ಬಹುದಿನದ ಆಸೆಗೆಂದೋ 1990ರ ದಶಕದ ಬೆಂಜ್ ಕಾರು ತಂದಿಟ್ಟುಕೊಂಡವರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಅಗ್ಗಕ್ಕೆ ಸಿಕ್ಕಿರುತ್ತೆ, ರಿಪೇರಿ ಮಾತ್ರ ಅಗ್ಗ ಅಲ್ಲ. ವಯಸ್ಸಾದ ಈ ಕಾರುಗಳಲ್ಲಿ ಎರಡು ದೂರು ಸಾಮಾನ್ಯ. ಒಂದು, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಎಣ್ಣೆ ಕಲೆ. ಇನ್ನೊಂದು, ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಚಕ್ರ ಅಲ್ಲಾಡೋದೇ ಇಲ್ಲ, ಅಂದರೆ 'ಪ್ಲೇ' ಬಂದಿದೆ. ಎರಡಕ್ಕೂ ಮೊದಲು ಅನುಮಾನ ಬರುವುದು ಪವರ್ ಸ್ಟೇರಿಂಗ್ ಬಾಕ್ಸ್ ಮೇಲೆ.

ಏನಿದು ಬಾಕ್ಸ್?

ನಮ್ಮ ಅಂಬಾಸಿಡರ್‌ನಲ್ಲಿ ಇದ್ದದ್ದು ರ‍್ಯಾಕ್ ಅಂಡ್ ಪಿನಿಯನ್. ಪದ್ಮಿನಿಯಲ್ಲಿ ಬಾಕ್ಸ್ ಇತ್ತು, ಪವರ್ ಇರಲಿಲ್ಲ, ತೋಳಿನ ಬಲವೇ ಗತಿ. ಮಾರಾಟದ ಕಾರಿಗೆ ಪವರ್ ಸ್ಟೇರಿಂಗ್ ಮೊದಲು ಬಂದದ್ದು ಅಮೆರಿಕದಲ್ಲಿ, 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಟೆಲ್ಕೋ ಜತೆಗೂಡಿ ಬೆಂಜ್ ಕಂಪನಿ 1995ರಲ್ಲಿ ಪುಣೆಯಲ್ಲಿ ತಯಾರಿಸಲು ಶುರು ಮಾಡಿದ ಡಬ್ಲ್ಯೂ124 ಮಾದರಿಯ ಇ-ಕ್ಲಾಸ್‌ನಲ್ಲಿ ಇರುವುದು ಗೋಲಿ ಸುತ್ತುವ ಪವರ್ ಬಾಕ್ಸ್.

ಅದರ ಒಳಗೆ ದಪ್ಪ ಸ್ಕ್ರೂ ತರಹದ ವರ್ಮ್ ಶಾಫ್ಟ್ ಇರುತ್ತೆ. ಅದರ ಮೇಲೆ ಹಲ್ಲಿರುವ ಒಂದು ನಟ್. ಎರಡರ ನಡುವಿನ ಗಾಡಿಯಲ್ಲಿ ಸಣ್ಣ ಉಕ್ಕಿನ ಗೋಲಿಗಳು ಸುತ್ತು ಹಾಕುತ್ತಾ ಇರುತ್ತವೆ, ಹಾಗಾಗಿ ಉಜ್ಜಾಟ ಕಡಿಮೆ. ಸ್ಟೇರಿಂಗ್ ತಿರುಗಿದಾಗ ನಟ್ ಹಿಂದೆ ಮುಂದೆ ಸರಿದು ಸೆಕ್ಟರ್ ಶಾಫ್ಟ್ ಅನ್ನು ತಿರುಗಿಸುತ್ತೆ. ಆ ಶಾಫ್ಟ್‌ನ ಕೆಳತುದಿಗೆ ಕೂತಿರುವ ಡ್ರಾಪ್ ಆರ್ಮ್, ರಾಡ್‌ಗಳ ಮೂಲಕ ಚಕ್ರ ಎಳೆಯುತ್ತೆ.

ಈ ನಟ್ಟೇ ಪಿಸ್ಟನ್ ಕೂಡ ಹೌದು. ಪಂಪ್‌ನಿಂದ ಬಂದ ಎಣ್ಣೆಯನ್ನು ಕಂಟ್ರೋಲ್ ವಾಲ್ವ್ ಬೇಕಾದ ಕಡೆಗೆ ಬಿಡುತ್ತೆ, ಎಣ್ಣೆ ಪಿಸ್ಟನ್ ಅನ್ನು ತಳ್ಳುತ್ತೆ. ಎಂಜಿನ್ ಆಫ್ ಆದರೆ ಈ ಸಹಾಯ ನಿಲ್ಲುತ್ತೆ. ಸ್ಟೇರಿಂಗ್ ತಿರುಗುತ್ತೆ, ಆದರೆ ಕಲ್ಲಿನಷ್ಟು ಭಾರ.

ಸ್ಕ್ರೂ ತಿರುಗಿಸಿದರೆ ಆಗೋದೇನು?

ಬಾಕ್ಸ್ ಮೇಲೆ ಲಾಕ್‌ನಟ್ ಇರುವ ಒಂದು ಅಡ್ಜಸ್ಟ್‌ಮೆಂಟ್ ಸ್ಕ್ರೂ ಇದೆ. "ಪ್ಲೇ ಇದೆಯಾ? ಅರ್ಧ ಸುತ್ತು ಬಿಗಿ ಮಾಡಿದ್ರೆ ಆಯ್ತು" ಅನ್ನೋ ಮಾತು ಗ್ಯಾರೇಜ್‌ಗಳಲ್ಲಿ ಕೇಳಿಬರುತ್ತೆ. ಅಪಾಯ ಇರುವುದು ಇಲ್ಲೇ.

ಕಾರು ಹೆಚ್ಚು ಹೊತ್ತು ಓಡುವುದು ನೇರ ರಸ್ತೆಯಲ್ಲಿ. ಹಾಗಾಗಿ ಹಲ್ಲು ಸವೆಯುವುದು ನಡುಭಾಗದಲ್ಲಿ, ಅಕ್ಕಪಕ್ಕದ ಹಲ್ಲು ಅಷ್ಟು ಸವೆದಿರಲ್ಲ. ನಡುವಿನ ಸಡಿಲ ಹೋಗುವಷ್ಟು ಬಿಗಿ ಮಾಡಿದರೆ ತಿರುವಿನಲ್ಲಿ ಅದು ಹಿಡಿದುಕೊಳ್ಳುತ್ತೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ವಾಪಸ್ ಬರಲ್ಲ. ಊರೊಳಗೆ ಇದು ಗೊತ್ತಾಗದೇ ಹೋಗಬಹುದು. ಆಗುಂಬೆ, ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಗೊತ್ತಾದರೆ ಕಾಲ ಮಿಂಚಿರುತ್ತೆ.

ಬಾಕ್ಸ್ ಬಿಚ್ಚೋ ಮುನ್ನ

ಎಲ್ಲ ಪ್ಲೇಗೂ ಬಾಕ್ಸೇ ಕಾರಣ ಅಲ್ಲ. ಒಬ್ಬರು ಸ್ಟೇರಿಂಗ್ ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗಿನಿಂದ ನೋಡಲಿ. ಟೈ ರಾಡ್ ಎಂಡ್, ಸ್ಟೇರಿಂಗ್ ಕಪ್ಲಿಂಗ್, ಐಡ್ಲರ್ ಆರ್ಮ್ ಬುಷ್, ಬಾಕ್ಸ್ ಅನ್ನು ಬಾಡಿಗೆ ಹಿಡಿದಿರುವ ಬೋಲ್ಟ್, ಇವುಗಳಲ್ಲಿ ಯಾವುದು ಸಡಿಲ ಇದ್ದರೂ ಲಕ್ಷಣ ಒಂದೇ. ಬುಷ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಬಾಕ್ಸ್ ಬಿಚ್ಚುವುದು ಬೇಡ.

ಸೋರಿಕೆಯೂ ಹಾಗೇ. ಎಲ್ಲ ಒರೆಸಿ ಒಣಗಿಸಿ, ಎಂಜಿನ್ ಓಡಿಸಿ ನೋಡಬೇಕು. ಮೇಲಿನ ಹೋಸ್‌ನಿಂದ ಇಳಿದ ಎಣ್ಣೆ ಬಾಕ್ಸ್ ಕೆಳಗೆ ತೊಟ್ಟಿಕ್ಕುತ್ತಿರಬಹುದು.

ರಿಬಿಲ್ಡ್ ಹೇಗೆ ಮಾಡ್ತಾರೆ?

ಮೊದಲು ಚಕ್ರ ನೇರ ಇಟ್ಟು, ಡ್ರಾಪ್ ಆರ್ಮ್ ಮತ್ತು ಶಾಫ್ಟ್ ಮೇಲೆ ಗುರುತು ಹಾಕಬೇಕು. ಆರ್ಮ್ ಅನ್ನು ಪುಲ್ಲರ್ ಹಾಕಿಯೇ ತೆಗೀಬೇಕು. ಸುತ್ತಿಗೆ ಏಟು ಒಳಗಿನ ಬೇರಿಂಗ್‌ಗೆ, ಹಲ್ಲಿಗೆ ಬೀಳುತ್ತೆ.

ಬಿಚ್ಚಿದ ಮೇಲೆ ಶುಚಿಯೇ ಮುಖ್ಯ. ಒಂದು ಮರಳಿನ ಕಣ ವಾಲ್ವ್ ಒಳಗೆ ಸಿಕ್ಕರೂ ಸ್ಟೇರಿಂಗ್ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ ಆಗಬಹುದು. ಗೋಲಿಗಳನ್ನು ಎಣಿಸಿ ಇಡಬೇಕು, ಒಂದೂ ಕಳೆಯಬಾರದು, ಒಂದು ಬದಲು ಇನ್ಯಾವುದೋ ಅಳತೆಯದ್ದು ಹಾಕಬಾರದು. ಹಳೇ ಅಮೆರಿಕನ್ ಜಿಎಂ ಕಾರುಗಳ ಸ್ಯಾಗಿನಾ ಬಾಕ್ಸ್‌ನಲ್ಲಿ ಕಪ್ಪು ಗೋಲಿ, ಬೆಳ್ಳಿ ಬಣ್ಣದ ಗೋಲಿ ಒಂದಾದ ಮೇಲೊಂದು ಕೂರುತ್ತವೆ. ಕಪ್ಪು ಗೋಲಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಅಷ್ಟು ಸೂಕ್ಷ್ಮ ಲೆಕ್ಕ ಅದು.

ಸೀಲ್, ಓ-ರಿಂಗ್ ಎಲ್ಲ ಹೊಸದು ಹಾಕಬೇಕು. ಆದರೆ ಸೆಕ್ಟರ್ ಶಾಫ್ಟ್ ಮೇಲೆ ಸೀಲ್ ಕೂರುವ ಜಾಗವನ್ನು ಉಗುರಿನಿಂದ ಸವರಿ ನೋಡಿ. ತುಕ್ಕಿನ ಗುಳಿ, ಗೀರು ಸಿಕ್ಕರೆ ಹೊಸ ಸೀಲ್ ಕೂಡ ಬೇಗ ಸೋರುತ್ತೆ. ಆಗ ಶಾಫ್ಟ್ ಸರಿಮಾಡಬೇಕು, ಇಲ್ಲ ಬದಲಿಸಬೇಕು. ಹಲ್ಲಿನಲ್ಲಿ ಬಿರುಕು ಇದ್ದರೆ, ಗೋಲಿ ಓಡುವ ಗಾಡಿಯಲ್ಲಿ ಚಕ್ಕೆ ಎದ್ದಿದ್ದರೆ ಕಿಟ್ ಹಾಕಿ ಪ್ರಯೋಜನ ಇಲ್ಲ. ವೆಲ್ಡಿಂಗ್ ಮಾಡಿಸುವ ಯೋಚನೆಯಂತೂ ಬೇಡವೇ ಬೇಡ.

ಜೋಡಿಸಿದ ಮೇಲೆ ಬಿಗಿತವನ್ನು ಕೈ ಅಂದಾಜಿನಲ್ಲಿ ಬಿಡಬಾರದು. ಬಾಕ್ಸ್ ನಡುವಿನಲ್ಲಿ ಇರುವಾಗ ಶಾಫ್ಟ್ ತಿರುಗಿಸಲು ಎಷ್ಟು ಬಲ ಬೇಕು ಅನ್ನೋದನ್ನು ಸಣ್ಣ ಟಾರ್ಕ್ ರೆಂಚ್‌ನಲ್ಲಿ ಅಳೆದು, ಆ ಮಾದರಿಯ ಮ್ಯಾನುಯಲ್‌ನಲ್ಲಿ ಇರುವ ಅಳತೆಗೆ ತರಬೇಕು.

ಎಣ್ಣೆ, ಗಾಳಿ

ಕಂಪನಿ ಹೇಳಿದ ಸ್ಟೇರಿಂಗ್ ಆಯಿಲ್ ಮಾತ್ರ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಹೊಸ ಸೀಲ್‌ಗಳೇ ಉಬ್ಬಿ ಹಾಳಾಗುತ್ತವೆ. ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಎಂಜಿನ್ ಆಫ್ ಇರುವಾಗಲೇ ಸ್ಟೇರಿಂಗ್ ಅನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ನಿಧಾನಕ್ಕೆ ತಿರುಗಿಸಿ, ಎಣ್ಣೆ ತುಂಬಿಸುತ್ತಾ ಹೋಗಬೇಕು. ಆಮೇಲೆ ಸ್ಟಾರ್ಟ್ ಮಾಡಿ. ಎಣ್ಣೆ ನೊರೆ ನೊರೆ ಇದ್ದರೆ ಒಳಗೆ ಗಾಳಿ ಇನ್ನೂ ಇದೆ ಅಂತ ಅರ್ಥ. ಸ್ಟೇರಿಂಗ್ ಪೂರ್ತಿ ತುದಿಗೆ ತಿರುಗಿಸಿ ಹಾಗೇ ಹಿಡಿದು ನಿಲ್ಲಬೇಡಿ, ಪಂಪ್ ಬಿಸಿಯಾಗುತ್ತೆ.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

ಕೆಲಸ ಕೊಡೋ ಮುನ್ನ ಮೂರು ಪ್ರಶ್ನೆ ಕೇಳಿ: ಈ ತರಹದ ಪವರ್ ಬಾಕ್ಸ್ ಮೊದಲು ಬಿಚ್ಚಿದ್ದೀರಾ? ಪುಲ್ಲರ್, ಸಣ್ಣ ಟಾರ್ಕ್ ರೆಂಚ್ ಇದೆಯಾ? ಹಳೇ ಪಾರ್ಟ್ಸ್ ವಾಪಸ್ ಕೊಡ್ತೀರಾ? ಮೂರಕ್ಕೂ ಹೌದು ಅಂದರೆ ಮಾತ್ರ ಮುಂದುವರಿಯಿರಿ. ಇಲ್ಲದಿದ್ದರೆ ಬಾಕ್ಸ್ ಮಾತ್ರ ಬಿಚ್ಚಿಸಿ, ಸ್ಟೇರಿಂಗ್ ಕೆಲಸವನ್ನೇ ಮಾಡುವ ದೊಡ್ಡ ಊರಿನ ಅಂಗಡಿಗೆ ಕಳಿಸುವುದು ವಾಸಿ.

ರಿಪೇರಿ ಆದ ಮೇಲೆ ಮೊದಲು ಖಾಲಿ ಮೈದಾನದಲ್ಲಿ ಓಡಿಸಿ. ಎಡಕ್ಕೆ, ಬಲಕ್ಕೆ ತಿರುಗಿಸಿ ಕೈ ಸಡಿಲ ಬಿಟ್ಟಾಗ ಸ್ಟೇರಿಂಗ್ ತಾನೇ ನೇರಕ್ಕೆ ಬರಬೇಕು. ಬರಲಿಲ್ಲ ಅಂದರೆ ಮದುವೆ ಮನೆಯವರು ಎಷ್ಟೇ ಅವಸರ ಮಾಡಲಿ, ಕಾರು ರಸ್ತೆಗೆ ಇಳಿಸಬೇಡಿ.