ಹಳೇ ಎಸ್‌ಯುವಿಯ ಬ್ರೇಕ್ ಜಾಮ್ ಆಗ್ತಿದ್ಯಾ? ಕ್ಯಾಲಿಪರ್ ಬದಲಿಸುವ ಮುನ್ನ ಈ ವಿಷಯ ಗೊತ್ತಿರಲಿ

ಹಬ್ಬಕ್ಕೆ ಊರಿಗೆ ಹೊರಟ ಕಾರು ಘಾಟಿ ಇಳಿಯುವಾಗ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಎಡಕ್ಕೋ ಬಲಕ್ಕೋ ಎಳೆಯುತ್ತದೆ. ಗ್ಯಾರೇಜಿಗೆ ಹೋದರೆ, 'ಕ್ಯಾಲಿಪರ್ ಹೋಗಿದೆ, ಎರಡೂ ಕಡೆ ಹೊಸದು ಹಾಕಬೇಕು' ಎಂಬ ಉತ್ತರ ಸಿಗುತ್ತದೆ. ನಿಜವಾಗಿಯೂ ಬದಲಿಸಲೇಬೇಕಾ? ಅಥವಾ ಸ್ವಚ್ಛ ಮಾಡಿ ಗ್ರೀಸ್ ಹಚ್ಚಿದರೆ ಸಾಕಾ? ಹಳೇ ಕಾಂಪ್ಯಾಕ್ಟ್ ಎಸ್‌ಯುವಿ ಇಟ್ಟುಕೊಂಡವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಯಾವ ಕಾರುಗಳಿಗೆ ಈಗ ಗಮನ ಬೇಕು?

ದೇಶದಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿ ಹುಚ್ಚು ಹಿಡಿಸಿದ ಮೊದಲ ತಲೆಮಾರಿನ ಗಾಡಿಗಳಿಗೆ ಈಗ ವಯಸ್ಸಾಗಿದೆ. ರೆನೋ ಡಸ್ಟರ್ 2012ರಲ್ಲಿ, ಫೋರ್ಡ್ ಇಕೋಸ್ಪೋರ್ಟ್ 2013ರಲ್ಲಿ, ಮಾರುತಿ ವಿಟಾರಾ ಬ್ರೆಝಾ 2016ರಲ್ಲಿ ಮಾರುಕಟ್ಟೆಗೆ ಬಂದವು. ಫೋರ್ಡ್ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸರ್ವಿಸ್ ಮತ್ತು ಬಿಡಿಭಾಗ ಪೂರೈಕೆ ಮುಂದುವರಿಸುವುದಾಗಿ ಆಗಲೇ ತಿಳಿಸಿತ್ತು. ಆದರೂ ಇಂಥ ಕಾರುಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಅನೇಕರು ಇಂದು ಹೊರಗಿನ ಗ್ಯಾರೇಜ್‌ಗಳನ್ನೇ ನಂಬಿದ್ದಾರೆ. ಹಾಗಾಗಿ ಮಾಲೀಕರಿಗೂ ಸ್ವಲ್ಪ ತಿಳಿವಳಿಕೆ ಇದ್ದರೆ ಒಳ್ಳೆಯದು.

ಈ ಮೂರೂ ಕಾರುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದೆ. ಅಂದರೆ ಕ್ಯಾಲಿಪರ್ ಇರುವುದು ಮುಂದೆ ಮಾತ್ರ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಈ ಎರಡು ಕ್ಯಾಲಿಪರ್‌ಗಳದ್ದೇ. ಹ್ಯಾಂಡ್ ಬ್ರೇಕ್ ಹಿಂದಿನ ಡ್ರಮ್ ಮೇಲೆ ಕೆಲಸ ಮಾಡುತ್ತದೆ. ಮುಂದಿನ ಚಕ್ರ ಜಾಮ್ ಆದರೆ ಹ್ಯಾಂಡ್ ಬ್ರೇಕ್ ಸಡಿಲಿಸಿ ಪ್ರಯೋಜನವಿಲ್ಲ.

ಕ್ಯಾಲಿಪರ್ ಹೇಗೆ ಕೆಲಸ ಮಾಡುತ್ತದೆ?

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಒತ್ತಡದಲ್ಲಿ ಕ್ಯಾಲಿಪರ್‌ಗೆ ಹರಿಯುತ್ತದೆ. ಅಲ್ಲಿರುವ ಪಿಸ್ಟನ್ ಒಳಗಿನ ಪ್ಯಾಡ್ ಅನ್ನು ಡಿಸ್ಕ್‌ಗೆ ಒತ್ತುತ್ತದೆ. ಅದರ ಮರುಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡ್ ಅನ್ನೂ ಎಳೆದು ಒತ್ತುತ್ತದೆ. ಎರಡು ಪ್ಯಾಡ್ ನಡುವೆ ಡಿಸ್ಕ್ ಸಿಕ್ಕಿ ಚಕ್ರ ನಿಲ್ಲುತ್ತದೆ.

ಪೆಡಲ್‌ನಿಂದ ಕಾಲು ತೆಗೆದಾಗ ಪಿಸ್ಟನ್ ಹಿಂದಕ್ಕೆ ಬರುವುದು ಹೇಗೆ? ಇದಕ್ಕೆ ಪ್ರತ್ಯೇಕ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ಬ್ರೇಕ್ ಹಾಕಿದಾಗ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ ಅನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಸೀಲ್ ಗಟ್ಟಿಯಾದರೆ, ಪಿಸ್ಟನ್‌ಗೆ ತುಕ್ಕು ಹಿಡಿದರೆ ಅಥವಾ ಪಿನ್‌ಗಳು ಒಣಗಿದರೆ ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಜಾಮ್ ಎನ್ನುವುದು ಇದನ್ನೇ.

ಇದಕ್ಕೆ ಕಾರಣ ಊರಿಂದೂರಿಗೆ ಬೇರೆ. ಮುಂಬೈ, ಚೆನ್ನೈಗಳಲ್ಲಿ ಕಡಲ ಉಪ್ಪುಗಾಳಿ ಮತ್ತು ಮಳೆನೀರು ತುಕ್ಕನ್ನು ಬೇಗ ತರುತ್ತವೆ. ದೆಹಲಿಯಲ್ಲಿ ಚಳಿಗಾಲದ ಮಾಲಿನ್ಯ ನಿರ್ಬಂಧ ಜಾರಿಯಾದಾಗ ಹಳೇ ಡೀಸೆಲ್ ಕಾರುಗಳು ದಿನಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ. ಓಡದ ಕಾರಿನ ಪಿನ್ ಮತ್ತು ಪಿಸ್ಟನ್ ಬೇಗ ಅಂಟಿಕೊಳ್ಳುತ್ತವೆ. ಪುಣೆ, ಹೈದರಾಬಾದ್‌ನಂಥ ನಗರಗಳ ಟ್ರಾಫಿಕ್‌ನಲ್ಲಿ ಬ್ರೇಕ್ ದೂಳು ಪಿನ್‌ಗಳ ಸುತ್ತ ಕಟ್ಟಿಕೊಳ್ಳುತ್ತದೆ.

ಈ ಲಕ್ಷಣ ಕಂಡರೆ ನಿರ್ಲಕ್ಷಿಸಬೇಡಿ

* ಬ್ರೇಕ್ ಹಾಕಿದಾಗ ಮಾತ್ರ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ, ಎದುರು ಬದಿಯ ಕ್ಯಾಲಿಪರ್ ಸರಿಯಾಗಿ ಒತ್ತುತ್ತಿಲ್ಲದಿರಬಹುದು. ಬಲಗಡೆಯ ಬ್ರೇಕ್ ದುರ್ಬಲವಾದರೆ ಕಾರು ಎಡಕ್ಕೆ ಎಳೆಯುತ್ತದೆ.
* ಬ್ರೇಕ್ ಹಾಕದಿದ್ದಾಗಲೂ ಎಳೆಯುತ್ತಿದ್ದರೆ, ಎಳೆಯುವ ಬದಿಯ ಬ್ರೇಕ್ ಬಿಡುತ್ತಿಲ್ಲ ಎಂಬ ಅನುಮಾನ ಬರಬೇಕು. ಟೈರ್ ಗಾಳಿ ಮತ್ತು ವೀಲ್ ಅಲೈನ್‌ಮೆಂಟ್ ಕೂಡ ಕಾರಣವಾಗಬಹುದು. ಮೊದಲು ಅವನ್ನು ನೋಡಿ.
* ಮುಂದಿನ ಒಂದು ಚಕ್ರ ಇನ್ನೊಂದಕ್ಕಿಂತ ತುಂಬಾ ಬಿಸಿ ಇರುವುದು, ಸುಟ್ಟ ವಾಸನೆ, ಮೈಲೇಜ್ ಕುಸಿತ.
* ಪೆಡಲ್ ಮೆತ್ತಗಾಗುವುದು ಅಥವಾ ಕೆಳಗಿನವರೆಗೆ ಹೋಗುವುದು. ಹೀಗಾದರೆ ಕಾರು ಓಡಿಸಲೇಬಾರದು.
* ಚಕ್ರದ ಒಳಬದಿಯಲ್ಲಿ ಒದ್ದೆ, ಬ್ರೇಕ್ ಆಯಿಲ್ ಮಟ್ಟ ಹಠಾತ್ ಇಳಿಯುವುದು.

ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಪಿಸ್ಟನ್ ಹೊರಗೆ ಬಂದಷ್ಟೂ ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಮಟ್ಟ ಇಳಿದಾಗ ಕಾರಣ ನೋಡದೆ ಮತ್ತೆ ಮತ್ತೆ ತುಂಬಿಸಿದರೆ ಸೋರಿಕೆಯೂ ತಿಳಿಯುವುದಿಲ್ಲ, ಪ್ಯಾಡ್ ಸವೆದಿರುವುದೂ ತಿಳಿಯುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಹತ್ತಿಪ್ಪತ್ತು ನಿಮಿಷ ಕಾರು ಓಡಿಸಿ, ಸಾಧ್ಯವಾದಷ್ಟು ಕಡಿಮೆ ಬ್ರೇಕ್ ಬಳಸಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಗಳ ಬಳಿ ಅಂಗೈ ಹಿಡಿದು ಬಿಸಿ ಹೋಲಿಸಿ. ಮುಟ್ಟಬೇಡಿ, ಡಿಸ್ಕ್ ಕೈ ಸುಡುವಷ್ಟು ಕಾದಿರಬಹುದು. ಎರಡೂ ಸುಮಾರು ಒಂದೇ ರೀತಿ ಇದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕುದಿಯುತ್ತಿದ್ದರೆ ಗ್ಯಾರೇಜಿಗೆ ಹೋಗುವ ಸಮಯ ಬಂದಿದೆ.

ಕ್ಯಾಲಿಪರ್ ಹೋಗಿದೆ ಎಂದು ತೀರ್ಮಾನಿಸುವುದು ಹೇಗೆ?

ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿ. ಜಾಮ್ ಆದ ಬ್ರೇಕ್‌ಗೆ ಸಾಮಾನ್ಯವಾಗಿ ಮೂರು ಕಾರಣ: ಪಿನ್, ಪಿಸ್ಟನ್ ಅಥವಾ ರಬ್ಬರ್ ಹೋಸ್. ಒಳ್ಳೆಯ ಮೆಕ್ಯಾನಿಕ್ ಒಂದೊಂದನ್ನೇ ಪರೀಕ್ಷಿಸುತ್ತಾನೆ.

ಮೊದಲು ಪ್ಯಾಡ್‌ಗಳನ್ನು ಹೊರಗೆ ತೆಗೆದು ಹೋಲಿಸಬೇಕು. ಒಂದೇ ಚಕ್ರದ ಒಳಗಿನ ಪ್ಯಾಡ್ ತೀರಾ ಸವೆದು ಹೊರಗಿನದು ದಪ್ಪಗಿದ್ದರೆ ಪಿನ್ ಅಥವಾ ಪಿಸ್ಟನ್ ಅಂಟಿಕೊಂಡಿರುತ್ತದೆ. ಪಿನ್‌ಗಳು ಕೈಯಲ್ಲೇ ಸಲೀಸಾಗಿ ಜಾರಬೇಕು. ಬಿಗಿಯಾಗಿದ್ದರೆ ತೆಗೆದು, ತುಕ್ಕು ಒರೆಸಿ, ಹೊಸ ಗ್ರೀಸ್ ಹಚ್ಚಿದರೆ ಬಹಳಷ್ಟು ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು ಬ್ಲೀಡಿಂಗ್ ನಿಪ್ಪಲ್ ಪರೀಕ್ಷೆ. ಚಕ್ರ ಜಾಮ್ ಆಗಿರುವಾಗಲೇ ಜಾಕ್ ಹಾಕಿ, ಕ್ಯಾಲಿಪರ್ ಮೇಲಿನ ನಿಪ್ಪಲ್ ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ತಿರುಗತೊಡಗಿದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಆಗ ಮೊದಲು ನೋಡಬೇಕಾದದ್ದು ಹೋಸ್. ಹಳೇ ಹೋಸ್ ಒಳಗೊಳಗೇ ಉಬ್ಬಿ, ಆಯಿಲ್ ಹೋಗಲು ಬಿಟ್ಟು ಮರಳಲು ಬಿಡದೇ ಇರಬಹುದು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಈ ಸ್ಥಿತಿಯಲ್ಲಿ ಹೊಸ ಕ್ಯಾಲಿಪರ್ ಹಾಕಿದರೂ ಕೆಲ ದಿನಗಳಲ್ಲಿ ಅದೇ ದೂರು ಮರಳುತ್ತದೆ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ತೊಂದರೆ ಬಹುತೇಕ ಕ್ಯಾಲಿಪರ್‌ನಲ್ಲೇ ಇದೆ.

ಪಿಸ್ಟನ್ ಮೇಲ್ಮೈ ನಯವಾಗಿದ್ದು ಸೀಲ್ ಮಾತ್ರ ಹಾಳಾಗಿದ್ದರೆ ಸೀಲ್ ಮತ್ತು ಡಸ್ಟ್ ಬೂಟ್ ಇರುವ ರಿಪೇರಿ ಕಿಟ್ ಸಾಕು. ಪಿಸ್ಟನ್‌ಗೆ ತುಕ್ಕಿನ ಗುಳಿ ಬಿದ್ದಿದ್ದರೆ, ಸಿಲಿಂಡರ್ ಒಳಗೆ ಗೀರುಗಳಿದ್ದರೆ ಅಥವಾ ನಿಪ್ಪಲ್ ಮುರಿದು ಒಳಗೇ ಉಳಿದರೆ ಕ್ಯಾಲಿಪರ್ ಬದಲಿಸುವುದೇ ಸರಿ. ತುಕ್ಕು ಹಿಡಿದ ಪಿಸ್ಟನ್ ಅನ್ನು ಎಮೆರಿ ಪೇಪರ್‌ನಿಂದ ಉಜ್ಜಿ ಮತ್ತೆ ಹಾಕುವುದು ಅಪಾಯ. ಆ ಗುಳಿಗಳು ಹೊಸ ಸೀಲ್ ಅನ್ನೂ ಕತ್ತರಿಸುತ್ತವೆ.

ಎರಡೂ ಕಡೆ ಬದಲಿಸಬೇಕಾ? ಪ್ಯಾಡ್ ಮತ್ತು ಡಿಸ್ಕ್‌ಗಳನ್ನು ಎರಡೂ ಕಡೆ ಒಟ್ಟಿಗೇ ಬದಲಿಸಬೇಕು. ಕ್ಯಾಲಿಪರ್ ವಿಷಯದಲ್ಲಿ, ಇನ್ನೊಂದು ಬದಿಯದ್ದನ್ನು ಬಿಚ್ಚಿ ಪರೀಕ್ಷಿಸಿ ಅದು ಚೆನ್ನಾಗಿದ್ದರೆ ಉಳಿಸಿಕೊಳ್ಳಬಹುದು. ಅಷ್ಟೇ ವಯಸ್ಸು, ಅಷ್ಟೇ ತುಕ್ಕು ಕಂಡರೆ ಜೊತೆಗೇ ಬದಲಿಸುವುದು ಲೇಸು.

ಗ್ಯಾರೇಜ್‌ನಲ್ಲಿ ಇವುಗಳ ಮೇಲೆ ಕಣ್ಣಿಡಿ

* ಗ್ರೀಸ್: ಪಿನ್‌ಗಳಿಗೆ ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಸಾಮಾನ್ಯ ಬೇರಿಂಗ್ ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ, ಪಿನ್ ಮತ್ತೆ ಬಿಗಿಯುತ್ತದೆ.
* ತೊಳೆಯುವುದು: ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಿಂದ ರಬ್ಬರ್ ಭಾಗ ತೊಳೆಯಬಾರದು. ಬ್ರೇಕ್ ಕ್ಲೀನರ್ ಬಳಸಬೇಕು.
* ಹೋಸ್: ಬಿಚ್ಚಿದ ಕ್ಯಾಲಿಪರ್ ಹೋಸ್‌ನಿಂದ ನೇತಾಡಬಾರದು. ತಂತಿಯಿಂದ ಕಟ್ಟಿ ನಿಲ್ಲಿಸಬೇಕು.
* ಎಡ–ಬಲ: ಜೋಡಿಸಿದ ಮೇಲೆ ಬ್ಲೀಡಿಂಗ್ ನಿಪ್ಪಲ್ ಮೇಲ್ಭಾಗದಲ್ಲಿರಬೇಕು. ಕೆಳಗಿದ್ದರೆ ಕ್ಯಾಲಿಪರ್‌ಗಳು ಅದಲುಬದಲಾಗಿವೆ. ಗಾಳಿ ಮೇಲೇ ಉಳಿದು ಪೆಡಲ್ ಎಂದಿಗೂ ಗಟ್ಟಿಯಾಗುವುದಿಲ್ಲ.
* ವಾಷರ್: ಹೋಸ್ ಸೇರುವ ಬೋಲ್ಟ್‌ನ ತಾಮ್ರದ ವಾಷರ್ ಹೊಸದಿರಬೇಕು. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ, ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು.
* ಡಿಸ್ಕ್: ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಲೇತ್‌ಗೆ ಕೊಡದೆ ಬದಲಿಸಬೇಕು. ಪ್ಯಾಡ್ ಸುಮಾರು 3 ಮಿ.ಮೀ.ಗೆ ಇಳಿದರೆ ಹೊಸದು ಹಾಕಿಸಿ.

ಕೆಲಸ ಮುಗಿದ ಮೇಲೆ ಕಾರು ಅಲುಗಿಸುವ ಮೊದಲೇ ಪೆಡಲ್ ಅನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇದನ್ನು ಮರೆತರೆ ಮೊದಲ ಬ್ರೇಕ್‌ಗೆ ಕಾರು ನಿಲ್ಲುವುದಿಲ್ಲ. ಗಾಳಿ ಎಬಿಎಸ್ ಘಟಕದೊಳಗೆ ಹೋಗಿದ್ದರೆ ಸ್ಕ್ಯಾನರ್ ಜೋಡಿಸಿ ಬ್ಲೀಡಿಂಗ್ ಮಾಡಬೇಕಾಗಬಹುದು.

ಬ್ರೇಕ್ ಆಯಿಲ್ ಯಾಕೆ ಬದಲಿಸಬೇಕು?

ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ಆಯಿಲ್‌ಗಳು ಗಾಳಿಯ ತೇವಾಂಶ ಹೀರಿಕೊಳ್ಳುತ್ತವೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು ಶೇ 3.7ರಷ್ಟು ನೀರು ಸೇರಿದ ಆಯಿಲ್‌ಗೆ ಈ ಮಿತಿ 155 ಡಿಗ್ರಿ ಮಾತ್ರ. ಜಾಮ್ ಆದ ಕ್ಯಾಲಿಪರ್ ಘಾಟಿಯಲ್ಲಿ ಕಾದಾಗ ಈ ಹಳೇ ಆಯಿಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿ ಕುಗ್ಗಿಸಬಹುದು. ಹಾಗಾಗಿ ಪೆಡಲ್ ನೆಲಕ್ಕೆ ತಾಗುತ್ತದೆ, ಆದರೆ ಕಾರು ನಿಲ್ಲುವುದಿಲ್ಲ.

ತುಕ್ಕಿಗೂ ಇದೇ ನೀರು ಕಾರಣ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದರೆ ಕ್ಯಾಲಿಪರ್‌ನ ಆಯುಷ್ಯವೂ ಹೆಚ್ಚುತ್ತದೆ. ಯಾವ ದರ್ಜೆ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಕೈಪಿಡಿಯಲ್ಲಿರುತ್ತದೆ. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಇವುಗಳೊಂದಿಗೆ ಬೆರೆಸಲೇಬಾರದು.

ಘಾಟಿ ದಾರಿಗೆ ಇಳಿಯುವ ಮುನ್ನ

ಮುಂಬೈ, ಪುಣೆಯಿಂದ ಊರಿಗೆ ಹೊರಟವರಿಗೆ ಖಂಡಾಲಾ, ಖಂಬಾಟ್ಕಿ ಘಾಟಿಗಳಿವೆ. ಕರಾವಳಿಗೆ ಇಳಿಯುವವರಿಗೆ ಶಿರಾಡಿ, ಚಾರ್ಮಾಡಿ ಇವೆ. ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಹೋದರೆ ಬಿಡಿಭಾಗ ಸಿಗದೇ ಇರಬಹುದು. ಒಂದೆರಡು ವಾರ ಮೊದಲೇ ಮುಂದಿನ ಚಕ್ರ ಬಿಚ್ಚಿಸಿ ಪ್ಯಾಡ್, ಪಿನ್, ಹೋಸ್ ನೋಡಿಸಿ.

ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಎಂಜಿನ್‌ನಿಂದಲೇ ವೇಗ ತಗ್ಗಿಸಿ. ಕಾಲನ್ನು ಸದಾ ಬ್ರೇಕ್ ಮೇಲೆ ಇಡಬೇಡಿ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಕಾದ ಡಿಸ್ಕ್ ಮೇಲೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ತಣಿದ ಮೇಲೂ ಚಕ್ರ ಬಿಡದಿದ್ದರೆ ಅಥವಾ ಪೆಡಲ್ ಮೆತ್ತಗಿದ್ದರೆ ಪ್ರಯಾಣ ಮುಂದುವರಿಸದೆ ಟೋಯಿಂಗ್ ವಾಹನ ಕರೆಸಿ.