ಎಂಜಿನ್ ಕೂರಿಸಿದ ಮೇಲೆ ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮುನ್ನ ಇದನ್ನು ಓದಿ

ಎಂಜಿನ್ ಬಿಚ್ಚಿ ಮತ್ತೆ ಕೂರಿಸಲಾಗಿದೆ. ಕೀ ತಿರುಗಿಸಿದರೆ ‘ಟಕ್ ಟಕ್’ ಶಬ್ದ ಮಾತ್ರ, ಲೈಟ್‌ಗಳೂ ಮಂಕು. ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎನ್ನುವವರೇ ಹೆಚ್ಚು. ಆದರೆ ಮೊದಲು ನೋಡಬೇಕಾದದ್ದು ಅರ್ಥಿಂಗ್ ವೈರ್.

ಏಕೆ?
ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಮೈನಸ್‌ಗೆ ಮರಳಲೇಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕಾಗಿಯೇ ಎಂಜಿನ್‌ನಿಂದ ಬಾಡಿಗೆ ಅಥವಾ ಬ್ಯಾಟರಿಯ ಮೈನಸ್‌ಗೆ ದಪ್ಪ ಅರ್ಥಿಂಗ್ ವೈರ್ ಇರುತ್ತದೆ. ಅದನ್ನು ಹಾಕಲು ಮರೆತರೆ, ಅಥವಾ ತುಕ್ಕು, ಪೇಂಟ್ ಮೇಲೆಯೇ ಬೋಲ್ಟ್ ಬಿಗಿದರೆ, ಸ್ಟಾರ್ಟರ್‌ನ 100 ಆಂಪಿಯರ್‌ಗೂ ಮೀರಿದ ಕರೆಂಟ್‌ಗೆ ಸರಿಯಾದ ದಾರಿ ಸಿಗುವುದಿಲ್ಲ. ಅದು ಕ್ಲಚ್ ಅಥವಾ ಗೇರ್ ಕೇಬಲ್ ಮೂಲಕ ನುಗ್ಗಬಹುದು. ಕೇಬಲ್ ಕಾದು ಹೊಗೆಯೂ ಬರಬಹುದು.

ಪರೀಕ್ಷಿಸುವುದು ಹೇಗೆ?
ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ತಾಗಲಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಮತ್ತೊಬ್ಬರು ಒಂದೆರಡು ಸೆಕೆಂಡ್ ಸ್ಟಾರ್ಟ್ ಮಾಡಲಿ. 0.5 ವೋಲ್ಟ್ ಮೀರಿದರೆ ದೋಷ ಅರ್ಥಿಂಗ್‌ನಲ್ಲಿದೆ. ಬ್ಯಾಟರಿಯ ಮೈನಸ್ ಕಳಚಿ, ಬೋಲ್ಟ್ ಜಾಗವನ್ನು ಉಜ್ಜಿ, ವೈರನ್ನು ಬಿಗಿಯಿರಿ.

ಇದನ್ನು ಮಾತ್ರ ಮಾಡಬೇಡಿ
‘ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತರೆ ಆಲ್ಟರ್ನೇಟರ್ ಸರಿಯಿದೆಯೇ ಎಂದು ಗೊತ್ತಾಗುತ್ತದೆ’ ಎಂಬ ಸಲಹೆ ಅಪಾಯಕಾರಿ. ವೋಲ್ಟೇಜ್ ದಿಢೀರ್ ಏರಿ ಇಸಿಯು ಸುಟ್ಟುಹೋಗಬಹುದು. ಬದಲಿಗೆ, ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7 ವೋಲ್ಟ್ ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂದರ್ಥ.